ಒಂದೇ ನೀರಲ್ಲಿ ಒಬ್ಬ ರೌಡಿ

ನಮ್ಮ ಜಿಲ್ಲೆಯಲ್ಲಿ ಮೀನಿನ ಸುದ್ದಿ ಅಂದರೆ ಮೂರೇ ತರ. ಕೆರೆ ಕೋಡಿ ಬಿತ್ತು, ಮೀನು ಹಿಡಿಯಲು ಜನ ಮುಗಿಬಿದ್ದರು. ನೀರು ಕೆಟ್ಟಿತು, ಮೀನು ಸತ್ತು ತೇಲಿದವು. ಕೆರೆ ಹರಾಜಿನಲ್ಲಿ ಗಲಾಟೆಯಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಬೈಕಿನಲ್ಲಿ ಸುತ್ತುವ ನಮಗೆ ಈ ಮೂರೂ ಬಾಯಿಪಾಠ. ಊರಿನ ಹೆಸರು, ತಾರೀಕು ಬದಲಾಯಿಸಿದರೆ ಸುದ್ದಿ ರೆಡಿ.

ಮೀನಿಗೆ ಮೀನು ಏನು ಮಾಡುತ್ತದೆ ಅನ್ನುವುದಕ್ಕೆ ಮಾತ್ರ ಪೇಪರಿನಲ್ಲಿ ಜಾಗ ಇಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಇದು ಎರಡು ನೀರಿನ ಕಥೆ. ಒಂದು ನಾಲ್ಕಡಿ ಗಾಜಿನ ತೊಟ್ಟಿಯ ಉಪ್ಪುನೀರು, ಇನ್ನೊಂದು ಊರ ಕೆರೆ. ಎರಡರಲ್ಲೂ ಒಂದೊಂದು ಜಾತಿ ಮೀನು ಮಿಕ್ಕವನ್ನು ಬದುಕಲು ಬಿಡಲಿಲ್ಲ.

ಹೊಳೆನರಸೀಪುರದಲ್ಲಿ ನಮಗೆ ಪರಿಚಯದ ಒಬ್ಬ ಫೋಟೋ ಸ್ಟುಡಿಯೊದಣ್ಣ ಇದ್ದಾರೆ. ಮದುವೆ ಸೀಸನ್ ಮುಗಿದ ಮೇಲೆ ಕೈ ಸುಮ್ಮನಿರದ ಮನುಷ್ಯ. ಊರ ಮಗ್ಗುಲಲ್ಲೇ ಹೇಮಾವತಿ ಹರಿಯುತ್ತಾಳೆ, ಬೇಕಾದಷ್ಟು ಸಿಹಿನೀರು ಇದೆ. ಇವರಿಗೆ ಬೇಕಾಗಿದ್ದು ಸಮುದ್ರ. ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪುವವರೆಗೆ ಉಪ್ಪುನೀರು ಕಾಣದ ನಮ್ಮ ನಾಡಿನಲ್ಲಿ, ಸ್ಟುಡಿಯೊದ ಮೂಲೆಯಲ್ಲಿ, ಸಮುದ್ರದ ಮೀನಿನ ಅಕ್ವೇರಿಯಂ ಮಾಡಿದರು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 240 ಲೀಟರ್ ನೀರು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಹತ್ತಿರ ಹತ್ತಿರ 35 ಗ್ರಾಂ ಉಪ್ಪಿನಂಶ ಇರುತ್ತದೆ. ಅಂದರೆ ಆ ತೊಟ್ಟಿಗೆ ಎಂಟೂವರೆ ಕೆಜಿ ಉಪ್ಪು. ಅಡಿಗೆ ಉಪ್ಪು ಆಗುವುದಿಲ್ಲ. ಸಮುದ್ರದ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕದಲ್ಲಿ ಬೆರೆಸಿದ ಪುಡಿ ಚೀಲದಲ್ಲಿ ಬರುತ್ತದೆ, ಅದನ್ನು ಫಿಲ್ಟರ್ ನೀರಿಗೆ ಕಲೆಸಬೇಕು. ಬಿಸಿಲಿಗೆ ನೀರು ಆವಿಯಾದಷ್ಟೂ ಬರೀ ನೀರನ್ನೇ ತುಂಬಬೇಕು, ಉಪ್ಪುನೀರು ತುಂಬಿದರೆ ಸಾರು ಬತ್ತಿ ಉಪ್ಪೇರಿದ ಹಾಗೆ ಆಗುತ್ತದೆ. ಕರೆಂಟ್ ಹೋದರೆ ಪಂಪು ನಿಲ್ಲಬಾರದು ಅಂತ ಸ್ಟುಡಿಯೊದ ಯುಪಿಎಸ್‌ಗೇ ತಂತಿ ಎಳೆದಿದ್ದರು. ಪ್ರಿಂಟರ್ ನಿಂತರೂ ಮೀನಿನ ಪಂಪು ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಬೈದುಕೊಂಡು ಹೋಗಿದ್ದನ್ನು ನಾವೇ ಕಂಡಿದ್ದೇವೆ.

ಹೊಸ ತೊಟ್ಟಿಗೆ ನೀರು ತುಂಬಿದ ತಕ್ಷಣ ಮೀನು ಬಿಡುವಂತಿಲ್ಲ. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳಿನಲ್ಲಿ ನೆಲೆಯಾಗಲು ನಾಲ್ಕಾರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಕಾಯಬೇಕು. ಕಾಯಲಾರದವರಿಗೆ ಅಂಗಡಿಯವರು ಹೇಳಿಕೊಡುವ ಹಳೇ ಉಪಾಯ ಒಂದಿದೆ: ಡ್ಯಾಮ್ಸೆಲ್ ಅನ್ನುವ ಗಟ್ಟಿಜೀವದ ಅಗ್ಗದ ಮೀನು ಮೊದಲು ಬಿಡಿ, ಅದು ಏನನ್ನಾದರೂ ತಡೆದುಕೊಳ್ಳುತ್ತದೆ, ತೊಟ್ಟಿ ಪಕ್ವ ಆಗುತ್ತದೆ.

ತಡೆದುಕೊಂಡಿತು. ಅಲ್ಲೇ ಎಡವಟ್ಟು ಶುರುವಾದದ್ದು.

ಅಣ್ಣ ತಂದ ಡ್ಯಾಮ್ಸೆಲ್ ಹೆಬ್ಬೆರಳಿನ ಉಗುರಿನಷ್ಟಿತ್ತು. ಕಪ್ಪು ಮೈ, ಮೂರು ಬಿಳಿ ಚುಕ್ಕೆ. ಹಣೆಯಲ್ಲಿ ವಿಭೂತಿ ಇಟ್ಟ ಹಾಗೆ ಒಂದು, ಎರಡು ಪಕ್ಕೆಗೆ ಒಂದೊಂದು. ಡೊಮಿನೊ ಅಂತಲೂ ಕರೆಯುತ್ತಾರೆ. ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ ಇದು ಸಾಮಾನ್ಯ ಮೀನು. ಮರಿಯಾಗಿದ್ದಾಗ ಸಮುದ್ರಹೂವಿನ ಎಳೆಗಳ ಮಧ್ಯೆ ಕೋಡಂಗಿ ಮೀನಿನ ಜೊತೆ ಕೂಡಿ ಬಾಳುವ ಸಾಧು. ಬೆಳೆದು ಗೇಣಿನ ಹತ್ತಿರಕ್ಕೆ ಬಂದರೆ ಚುಕ್ಕೆ ಮಾಸುತ್ತದೆ, ಸಾಧುತನವೂ ಮಾಸುತ್ತದೆ.

ಎರಡು ತಿಂಗಳ ಮೇಲೆ ಅಣ್ಣ ಒಂದು ಜೊತೆ ಕೋಡಂಗಿ ಮೀನು ತಂದರು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ, ಸಿನಿಮಾದಿಂದಾಗಿ ಮಕ್ಕಳೆಲ್ಲ ನೀಮೊ ಅನ್ನುವ ಮೀನು. ಆಮೇಲೆ ಈಟಿಯಂತೆ ಬೆನ್ನುರೆಕ್ಕೆ ನಿಮಿರಿಸಿಕೊಂಡು ನಿಲ್ಲುವ ತೆಳ್ಳನೆಯ ಗೋಬಿ ಒಂದು. ಅಷ್ಟು ಹೊತ್ತಿಗೆ ನಮ್ಮ ಚುಕ್ಕೆಯವನು ಇಡೀ ತೊಟ್ಟಿಗೆ ಟವೆಲ್ ಹಾಸಿಬಿಟ್ಟಿದ್ದ. ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಮೂರು ಜನರ ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಮೊದಲು ಹತ್ತಿದವನದು ಸೀಟು.

ಗೋಬಿ ಮೂರು ದಿನ ಕಲ್ಲಿನ ಸಂದಿಯಿಂದ ಈಚೆ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಶಟರ್ ಎತ್ತಿದರೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಅಟ್ಟಿಸಿಕೊಂಡ ಗೋಬಿ ನೀರಿನಿಂದಲೇ ಹಾರಿಬಿಡುತ್ತದೆ, ಮೇಲೆ ಮುಚ್ಚಳದಲ್ಲಿ ಎರಡು ಬೆರಳಿನಷ್ಟು ಸಂದಿ ಇದ್ದರೂ ಸಾಕು. ಕೋಡಂಗಿಗಳಲ್ಲಿ ಚಿಕ್ಕದರ ಬಾಲ ಹರಿದ ಸೀರೆ ಸೆರಗಿನ ಹಾಗೆ ಆಗಿತ್ತು. ಅಣ್ಣನ ಮಕ್ಕಳು ಚುಕ್ಕೆಯವನಿಗೆ 'ಡಾನ್' ಅಂತ ಹೆಸರಿಟ್ಟರು. ನಾವು ಹೋದಾಗಲೆಲ್ಲ ಸ್ಟೂಲು ಎಳೆದುಕೊಂಡು ಕೂತು ಡಾನ್‌ನ ದರ್ಬಾರು ನೋಡುತ್ತಿದ್ದೆವು. ಸುಳ್ಳೇಕೆ, ನೋಡಲು ಮಜಾ ಇತ್ತು. ಇವನು ಗಾಜಿನಾಚೆಗಿದ್ದ ನಮ್ಮ ಬೆರಳಿಗೂ ಹಾರಿ ಬರುತ್ತಿದ್ದ.

ಮೊದಲ ಮದ್ದು, ಹೊಟ್ಟೆ ತುಂಬಿಸುವುದು. ತೊಟ್ಟಿಯ ಎರಡು ತುದಿಯಲ್ಲೂ ಒಟ್ಟಿಗೆ ತಿನಿಸು ಹಾಕಿದರೆ ಒಬ್ಬನೇ ಎರಡೂ ಕಡೆ ಕಾಯಲಾರ ಅನ್ನುವ ಲೆಕ್ಕ. ಡಾನ್ ಒಂದು ಕಡೆ ತಿಂದು, ಇನ್ನೊಂದು ಕಡೆಗೆ ಹೋಗಿ ತಿನ್ನುತ್ತಿದ್ದವರನ್ನು ಓಡಿಸಿ ಬಂದ. ಅವನಿಗೆ ಹಸಿವಿನ ಜಗಳವೇ ಅಲ್ಲ, ಜಾಗದ ಜಗಳ.

ಹಾಗಾಗಿ ಎರಡನೆಯ ಮದ್ದು ಜಾಗದ ಮೇಲೆ. ಕಲ್ಲುಗಳನ್ನೆಲ್ಲ ಎತ್ತಿ ಬೇರೆ ತರ ಜೋಡಿಸುವುದು. ಮೀನಿನ ತಲೆಯಲ್ಲಿ ಒಂದು ನಕ್ಷೆ ಇರುತ್ತದೆ: ಈ ಗುಹೆ ನನ್ನದು, ಈ ಕಲ್ಲಿನಿಂದ ಆ ಕಲ್ಲಿನವರೆಗೆ ನನ್ನದು. ನಕ್ಷೆ ಕಲೆಸಿದರೆ ಹಳಬನೂ ಹೊಸಬನೂ ಒಂದೇ ಸಮ, ಎಲ್ಲರೂ ಹೊಸದಾಗಿ ಮನೆ ಹುಡುಕಬೇಕು. (ಅಣ್ಣನ ತೊಟ್ಟಿಯಲ್ಲಿದ್ದದ್ದು ಹವಳ ಅಲ್ಲ, ಅಂಗಡಿಯಲ್ಲಿ ಸಿಗುವ ಒಣ ಕಲ್ಲು. ಹವಳ, ಸಮುದ್ರಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಯಾರಾದರೂ ಅಲಂಕಾರಕ್ಕೆ ಅಂತ ಮಾರಲು ಬಂದರೆ ಕೈ ಹಾಕಬೇಡಿ.) ಕಲ್ಲು ಬದಲಾದ ಮೇಲೆ ನಾಲ್ಕು ದಿನ ಶಾಂತಿ ಇತ್ತು. ಐದನೆಯ ದಿನ ಡಾನ್ ಹೊಸ ಖಾತೆ ಮಾಡಿಸಿಕೊಂಡ.

ಮೂರನೆಯದು ಜೈಲು. ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ರೌಡಿಯನ್ನು ಹಾಕಿ, ಅದೇ ತೊಟ್ಟಿಯೊಳಗೆ ತೂಗುಹಾಕುವುದು. ಅವನಿಗೆ ಎಲ್ಲ ಕಾಣುತ್ತದೆ, ಏನೂ ಮಾಡಲಾಗದು. ಒಂದು ವಾರ, ಹತ್ತು ದಿನ. ಅಷ್ಟರಲ್ಲಿ ಮಿಕ್ಕವು ಧೈರ್ಯವಾಗಿ ಮನೆ ಮಾಡಿಕೊಳ್ಳುತ್ತವೆ, ಬಿಡುಗಡೆಯಾದಾಗ ಇವನೇ ಊರಿಗೆ ಹೊಸಬ. ಅನೇಕ ತೊಟ್ಟಿಗಳಲ್ಲಿ ಇದು ಕೆಲಸ ಮಾಡಿದೆ. ಜೈಲಿಗೆ ಹಾಕಲು ಮೊದಲು ಹಿಡಿಯಬೇಕಲ್ಲ! ಕೈಬಲೆ ನೀರಿಗೆ ಇಳಿದರೆ ಡಾನ್ ಕಲ್ಲಿನ ಸಂದಿಗೆ. ಅಣ್ಣ ಮೂರು ಸಂಜೆ ಅಂಗಿ ತೋಳು ಮಡಿಸಿ ನೀರು ಕಲಕಿ, ಸ್ಟುಡಿಯೊ ನೆಲವೆಲ್ಲ ಉಪ್ಪುನೀರು ಮಾಡಿ, ಕೈಬಿಟ್ಟರು.

ದಾರಿ ತೋರಿಸಿದ್ದು ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದ ಒಬ್ಬ ಅಜ್ಜ. ಗದ್ದೆ ಸೀಮೆಯವರು. ಸ್ವಲ್ಪ ಹೊತ್ತು ನೋಡಿದರು.

"ಬಲೆ ತಕಂಡು ಯಾಕ್ ಸ್ವಾಮಿ ಗುದ್ದಾಡ್ತೀರಿ? ಒಂದು ಕೂಳಿ ಮಡಗಿ."

ಮಳೆಗಾಲದಲ್ಲಿ ಗದ್ದೆಯ ಬದುವಿನ ಕಂಡಿಗೆ ಬಿದಿರಿನ ಕೂಳಿ ಇಡುವುದು ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ. ಒಳಗೆ ಹೋಗುವ ಬಾಯಿ ಅಗಲ, ಒಳತುದಿ ಕಿರಿದು, ಹೋದ ಮೀನಿಗೆ ವಾಪಸ್ ದಾರಿ ಸಿಗದು. ಅಜ್ಜ ಎರಡು ಲೀಟರಿನ ಖಾಲಿ ಬಾಟಲಿ ಕೇಳಿದರು. ಕುತ್ತಿಗೆ ಕೆಳಗೆ ಕತ್ತರಿಸಿ, ಆ ತುಂಡನ್ನೇ ತಲೆಕೆಳಗು ಮಾಡಿ ಒಳಕ್ಕೆ ತುರುಕಿ, ದಾರ ಕಟ್ಟಿಕೊಟ್ಟರು. ಒಳಗೊಂದು ಸಿಗಡಿ ಚೂರು. ದೊಡ್ಡ ದೊಡ್ಡ ಅಕ್ವೇರಿಯಂನವರೂ ಮಾಡುವುದು ಇದನ್ನೇ ಅಂತ ಆಮೇಲೆ ತಿಳಿಯಿತು. ನಮ್ಮ ಗದ್ದೆಯ ವಿದ್ಯೆ ಬಾಟಲಿ ರೂಪದಲ್ಲಿ ಅವರ ಹತ್ತಿರವೂ ಇದೆ.

ಮೊದಲ ದಿನ ಕೋಡಂಗಿ ಸಿಕ್ಕಿತು. ಎರಡನೆಯ ದಿನವೂ ಅದೇ ಕೋಡಂಗಿ, ಮಹಾ ಹೊಟ್ಟೆಬಾಕ. ಮೂರನೆಯ ದಿನ ಡಾನ್.

ಅಣ್ಣ ಅವನನ್ನು ಜೈಲಿಗೆ ಹಾಕಲಿಲ್ಲ, ಗಡೀಪಾರು ಮಾಡಿದರು. ಹಾಸನದ ಒಬ್ಬ ಅಂಗಡಿಯವರು ವಾಪಸ್ ತೆಗೆದುಕೊಂಡರು, ಬಿಡಿಗಾಸು ಕೊಡಲಿಲ್ಲ. ಅಲ್ಲಿ ತನಗಿಂತ ದೊಡ್ಡ ಮೀನುಗಳ ತೊಟ್ಟಿಯಲ್ಲಿ ಡಾನ್ ಈಗ ಮೂಲೆ ಹಿಡಿದು ತೆಪ್ಪಗಿದ್ದಾನೆ.

ನಮ್ಮ ತಲೆಯಲ್ಲಿ ಉಳಿದದ್ದು ಅಣ್ಣ ಹೇಳಿದ ಒಂದು ಮಾತು. ಸಮುದ್ರದಲ್ಲೂ ಈ ಮೀನು ಹೀಗೇ ಅಟ್ಟಿಸುತ್ತದಂತೆ. ಆದರೆ ಅಲ್ಲಿ ಅಟ್ಟಿಸಿಕೊಂಡವನು ಹತ್ತು ಮಾರು ಆಚೆ ಹೋದರೆ ಜಗಳ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಓಡಿದವನು ಗೋಡೆಗೆ ಮೂಗು ಬಡಿದುಕೊಂಡು ವಾಪಸ್ ಅವನ ಬಾಯಿಗೇ ಬರುತ್ತಾನೆ. ಮೀನಿನ ಗುಣ ಒಂದೇ, ತಪ್ಪಿಸಿಕೊಳ್ಳುವ ಜಾಗ ಮಾತ್ರ ಇಲ್ಲ.

ಡಾನ್ ಸಿಕ್ಕಿದ ದಿನ ಸ್ಟುಡಿಯೊದಲ್ಲಿದ್ದ ಒಬ್ಬರು, "ಹೊಳೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ" ಅಂದಿದ್ದರು. ಸಮುದ್ರದ ಮೀನು ಹೇಮಾವತಿಯ ಸಿಹಿನೀರಿನಲ್ಲಿ ಬದುಕುವುದಿಲ್ಲ. ಮೈಯೊಳಗೆ ನೀರು ನುಗ್ಗಿ, ಉಪ್ಪಿನಂಶ ಸೋರಿ, ಬೇಗ ಸಾಯುತ್ತದೆ. ಪುಣ್ಯ ಹೋಗಲಿ, ಕೊಲೆ. ತಕ್ಕ ನೀರಿಗೇ ಬಿಟ್ಟರೆ ಇನ್ನೂ ಅನಾಹುತ. ಅಮೆರಿಕದ ಫ್ಲೋರಿಡಾ ತೀರದಲ್ಲಿ 1985ರಲ್ಲಿ ಒಂದು ಸಿಂಹಮೀನು ಸಿಕ್ಕಿತು. ನಮ್ಮ ಕಡೆಯ ಸಾಗರಗಳ ಮೀನದು, ಮೈತುಂಬ ವಿಷದ ಮುಳ್ಳು, ನೋಡಲು ನವಿಲಿನ ಗರಿ. ಅಕ್ವೇರಿಯಂ ಶೋಕಿಯವರು ಸಾಕಲಾರದೆ ಬಿಟ್ಟದ್ದರಿಂದ ಅಲ್ಲಿಗೆ ಸೇರಿತು ಅಂತ ತಿಳಿದವರು ಹೇಳುತ್ತಾರೆ. ಇವತ್ತು ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಅದೇ ಮೀನು, ಅಲ್ಲಿನ ಮರಿಮೀನುಗಳನ್ನು ನುಂಗುತ್ತಾ ಕೂತಿದೆ. ಹಿಡಿದವರಿಗೆ ಬಹುಮಾನ ಕೊಟ್ಟು ಸ್ಪರ್ಧೆ ನಡೆಸುತ್ತಾರೆ. ಆದರೂ ಮುಗಿಯುತ್ತಿಲ್ಲ.

ಫ್ಲೋರಿಡಾ ದೂರ ಆಯಿತು. ಚನ್ನರಾಯಪಟ್ಟಣ ತಾಲ್ಲೂಕಿಗೆ ಬನ್ನಿ.

ಊರ ಹೆಸರು ಬೇಡ. ಆ ಊರಿನ ಕೆರೆ ಮೀನಿನ ಗುತ್ತಿಗೆ ಹಿಡಿದಿದ್ದವರು ಐವತ್ತು ದಾಟಿದ ಒಬ್ಬ ಯಜಮಾನರು. ಮನೆಯವರ ಒಡವೆ ಅಡವಿಟ್ಟು ಹರಾಜಿನ ದುಡ್ಡು ಕಟ್ಟಿದ್ದರು. ಕಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದರು. ಈ ಮೂರನ್ನು ಜೊತೆಗೆ ಬಿಡುವುದರಲ್ಲಿ ಒಂದು ಜಾಣತನ ಇದೆ. ಕಟ್ಲಾ ಮೇಲ್ಪದರದಲ್ಲಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಇದ್ದ ಒಂದೇ ಮನೆಯನ್ನು ಮೂರು ಅಂತಸ್ತು ಮಾಡಿ ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ.

ಅವರು ನಮಗೆ ಫೋನ್ ಮಾಡಿದ್ದು ಬಲೆ ಎಳೆದ ದಿನ. "ಸಾರ್, ಪೇಪರ್‌ಗೆ ಬ್ಯಾಡ. ಸುಮ್ನೆ ಬಂದು ನೋಡ್ಕಂಡ್ ಹೋಗಿ."

ಹೋದೆವು. ಏರಿಯ ಕೆಳಗೆ ಟಾರ್ಪಾಲಿನ ಮೇಲೆ ಮೀನು ಸುರಿದಿದ್ದರು. ಕಟ್ಲಾ ಇದ್ದವು, ಎಣಿಸಬಹುದಾದಷ್ಟು. ಮಿಕ್ಕಿದ್ದೆಲ್ಲ ಕಪ್ಪು ಬೂದು ಬಣ್ಣದ, ಮಚ್ಚೆ ಮಚ್ಚೆ ಮೈಯ, ಚಪ್ಪಟೆ ತಲೆಯ, ಮೀಸೆಯ ಮೀನು. ಒಂದೊಂದು ಮಾರುದ್ದಕ್ಕೆ ಸ್ವಲ್ಪ ಕಡಿಮೆ. ಬಿಸಿಲಲ್ಲಿ ಬಿದ್ದು ಅರ್ಧ ಗಂಟೆಯಾಗಿದ್ದರೂ ಬಾಯಿ ಆಡಿಸುತ್ತಿದ್ದವು. ಜೊತೆಯಲ್ಲಿದ್ದ ಕಟ್ಲಾ ಆಗಲೇ ಸತ್ತು ಕಣ್ಣು ಬೆಳ್ಳಗಾಗಿತ್ತು.

ಆಫ್ರಿಕನ್ ಕ್ಯಾಟ್‌ಫಿಶ್. ಪೇಟೆಯಲ್ಲಿ ಇದನ್ನು ಮುರುಗೋಡು ಅಂತ ಹೇಳಿ ಮಾರುವುದುಂಟು. ನಮ್ಮ ಮುರುಗೋಡು ಬೇರೆ, ಅಡಿಯ ಆಸುಪಾಸಿಗೆ ನಿಲ್ಲುವ ಮೀನು. ಇದು ಮೀಟರ್ ದಾಟಿ ಬೆಳೆಯುತ್ತದೆ. ಕಿವಿರಿನ ಮೇಲ್ಭಾಗದಲ್ಲಿ ಹೂಕೋಸಿನ ತರದ ಒಂದು ಅಂಗ ಇದೆ, ಅದರಿಂದ ನೇರವಾಗಿ ಗಾಳಿ ಉಸಿರಾಡುತ್ತದೆ. ಹಾಗಾಗಿ ಕೊಳೆತ ನೀರಲ್ಲೂ ಬದುಕುತ್ತದೆ, ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗುತ್ತದೆ, ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಗುಂಡಿಗೆ ಹೋಗುತ್ತದೆ. ಮರಿ, ಮೊಟ್ಟೆ, ಕಪ್ಪೆ, ಹುಳ, ಕೋಳಿ ಅಂಗಡಿಯ ಕಸ, ಏನಾದರೂ ಸರಿ. ದೊಡ್ಡ ಹೆಣ್ಣು ಮೀನು ಒಂದು ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ.

ಈ ಮೀನು 1990ರ ದಶಕದಲ್ಲಿ ಬಾಂಗ್ಲಾದೇಶದ ಕಡೆಯಿಂದ ಯಾರ ಅನುಮತಿಯೂ ಇಲ್ಲದೆ ದೇಶದೊಳಗೆ ಬಂತು. ಬೇಗ ಬೆಳೆಯುತ್ತದೆ, ಯಾವ ನೀರಾದರೂ ಆಗುತ್ತದೆ ಅಂತ ಕೈಯಿಂದ ಕೈಗೆ ಹರಡಿತು. ಕೇಂದ್ರ ಸರ್ಕಾರ 2000ರಲ್ಲಿ ಸಾಕಾಣಿಕೆ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಇರುವುದನ್ನೂ ನಾಶ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ರಾಜಸ್ಥಾನದ ಭರತಪುರದ ಪಕ್ಷಿಧಾಮದ ಕೊಳಗಳಿಗೂ ಇದು ಹೊಕ್ಕಿದೆ, ಅರಣ್ಯ ಇಲಾಖೆಯವರು ಹಿಡಿದು ಹಿಡಿದು ಹಾಕುತ್ತಿದ್ದಾರೆ.

ಮೀನು ವಿಷವಲ್ಲ, ಅದನ್ನೂ ಹೇಳಿಬಿಡುತ್ತೇವೆ. ನೈಜೀರಿಯಾದಲ್ಲಿ ಲಕ್ಷಾಂತರ ಜನರ ಅನ್ನ ಇದೇ ಮೀನು. ಅಲ್ಲಿ ಅದರ ಮನೆ, ಅದನ್ನು ತಿನ್ನುವ ಮೊಸಳೆಯೂ ಇದೆ, ಅದರಿಂದ ತಪ್ಪಿಸಿಕೊಳ್ಳಲು ಕಲಿತ ಮೀನೂ ಇದೆ. ನಮ್ಮ ಕೆರೆಯ ಗಿರ್ಲು ಮೀನಿಗೆ ಆ ಪಾಠ ಆಗಿಲ್ಲ.

ಹಾಗಂತ ನಮ್ಮ ಕೆರೆಯಲ್ಲಿ ಮೊದಲು ಎಲ್ಲರೂ ಸಾಧುಗಳೇ ಇದ್ದರು ಅಂದುಕೊಳ್ಳಬೇಡಿ. ಕೊರವ ಮೀನು, ಕೆಲವು ಕಡೆ ಕುಚ್ಚು ಅನ್ನುತ್ತಾರೆ, ಅದಕ್ಕಿಂತ ಮುಂಗೋಪಿ ಬೇಕೆ? ಕೆಂಪು ಮರಿಗಳ ಉಂಡೆಯನ್ನು ಕಾಯುತ್ತಿರುವ ಕೊರವನ ಹತ್ತಿರ ಕಾಲಿಟ್ಟರೆ ಹಾರಿ ಬಂದು ಕಚ್ಚುತ್ತದೆ. ಅದೂ ಬೇರೆ ಮೀನಿನ ಮರಿ ತಿನ್ನುತ್ತದೆ. ಆದರೂ ನಮ್ಮ ತಾತನ ಕಾಲದಿಂದ ಕೊರವನೂ ಇತ್ತು, ಗಿರ್ಲೂ ಇತ್ತು, ಒಂದೇ ಕೆರೆಯಲ್ಲಿ. ಜಗಳಗಂಟನಾದರೂ ಊರವನು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು.

ಯಜಮಾನರ ಕೆರೆಗೆ ಇದು ಬಂದ ದಾರಿ ಹೀಗೆ. ಕೆರೆಯ ಮೇಲ್ಭಾಗದ ಜಮೀನಿನಲ್ಲಿ ಯಾರೋ ಗುತ್ತಿಗೆಗೆ ಪಡೆದು, ಗುಂಡಿ ತೆಗೆದು, ಟಾರ್ಪಾಲು ಹಾಸಿ ಕ್ಯಾಟ್‌ಫಿಶ್ ಸಾಕುತ್ತಿದ್ದರು. ಸುತ್ತ ತಗಡಿನ ಬೇಲಿ, ಹೊರಗಿನವರಿಗೆ ಕೋಳಿ ಫಾರಂ ಅಂತ ಹೆಸರು, ನಾತಕ್ಕೆ ಅದೇ ಸಮಜಾಯಿಷಿ. ಒಂದು ಮುಂಗಾರಿನ ರಾತ್ರಿ ಹಳ್ಳ ಉಕ್ಕಿ ಗುಂಡಿಯನ್ನೂ ಸೇರಿಸಿಕೊಂಡು ಕೆರೆಗೆ ಬಂತು. ಬೆಳಿಗ್ಗೆ ಬೇಲಿಯೂ ಇರಲಿಲ್ಲ, ಸಾಕಿದವರೂ ಇರಲಿಲ್ಲ.

ಈಗ ಸ್ಟುಡಿಯೊದ ಮದ್ದುಗಳನ್ನೆಲ್ಲ ಕೆರೆಯ ಹತ್ತಿರ ತಂದು ನೋಡಿ. ಕಲ್ಲು ಬದಲಾಯಿಸಲು ಇದು ನಾಲ್ಕಡಿ ತೊಟ್ಟಿಯೇ? ಡಬ್ಬಿಯ ಜೈಲು ಯಾವ ಅಳತೆಯದು ಮಾಡಿಸುವುದು? ಬಲೆ ಎಳೆದರೆ ದೊಡ್ಡವು ಸಿಕ್ಕುತ್ತವೆ, ಮರಿಗಳು ಕೆಸರಿನಲ್ಲಿ ತಲೆ ತಗ್ಗಿಸಿ ಬಲೆಯನ್ನು ಮೇಲೆ ದಾಟಿಸಿಬಿಡುತ್ತವೆ. ಬೇಸಿಗೆ ಬಂದರೆ ಕೆರೆಯೇ ಗಾಜಿನ ತೊಟ್ಟಿ ಆಗುತ್ತದೆ. ನೀರು ಕುಗ್ಗಿ ಕುಗ್ಗಿ ತೂಬಿನ ಮುಂದಿನ ಗುಂಡಿಗೆ ಬರುತ್ತದೆ. ಇದ್ದ ಮೀನೆಲ್ಲ ಅದೇ ಗುಂಡಿಗೆ. ಓಡಲು ಜಾಗ ಇಲ್ಲ, ನೀರಲ್ಲಿ ಉಸಿರೂ ಇಲ್ಲ. ಗಾಳಿ ಕುಡಿಯುವವನಿಗೆ ಅದೇ ಹಬ್ಬದೂಟ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನು ನೋಡಿಯೇ ಇರುತ್ತೀರಿ. ಪುರಿ ಎಸೆದರೆ ಮಹಶೀರ್ ಮೀನುಗಳು ಒಂದರ ಮೇಲೊಂದು ಬಿದ್ದು ನೀರು ಕುದಿಸಿಬಿಡುತ್ತವೆ. ಅಲ್ಲಿ ಯಾರೂ ಹಿಡಿಯುವಂತಿಲ್ಲ. ಪುರಿ ಮುಗಿದ ಮರುಕ್ಷಣ ಎಲ್ಲ ಚದುರಿ ಹೊಳೆಯೊಳಗೆ ಕರಗುತ್ತವೆ. ನೂಕುನುಗ್ಗಲು ಇದ್ದರೂ ಕೊಲೆ ಇಲ್ಲ, ಹಿಂದೆ ಇಡೀ ಹೊಳೆ ಇದೆಯಲ್ಲ.

ಆ ಹೊಳೆಯಲ್ಲೂ ಒಂದು ದುಃಖದ ಕಥೆ ಇದೆ. ಕಾವೇರಿಗೆ ತನ್ನದೇ ಆದ ಮಹಶೀರ್ ಇತ್ತು, ಬೆನ್ನು ಗೂನು, ರೆಕ್ಕೆ ಕಿತ್ತಳೆ. ದೈತ್ಯ ಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಅಂತ ಮಹಾರಾಷ್ಟ್ರದ ಲೋನಾವಲದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ತಂದು ಕಾವೇರಿಗೆ ಬಿಟ್ಟರು. ಮನಸ್ಸು ಒಳ್ಳೆಯದೇ ಇತ್ತು. ನೀಲಿ ರೆಕ್ಕೆಯದು ಹೆಚ್ಚಿತು, ಗೂನು ಬೆನ್ನಿನದು ಗಾಳಕ್ಕೆ ಬೀಳುವುದೇ ಅಪರೂಪವಾಯಿತು. 2018ರಲ್ಲಿ ಆ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ ವರ್ಷವೇ, ಅಳಿವಿನ ಅಂಚಿನ ತೀರಾ ಕೊನೆಯ ಮೆಟ್ಟಿಲಿಗೂ ಅದರ ಹೆಸರು ಸೇರಿತು. ಕಚ್ಚಿ ಕೊಲ್ಲುವವನು ಕಣ್ಣಿಗೆ ಕಾಣುತ್ತಾನೆ. ಹೀಗೆ ಸುಮ್ಮನೆ ಬಂದು ಜಾಗ ತುಂಬುವವನ ಮೇಲೆ ಯಾರಿಗೂ ಸಿಟ್ಟೇ ಬರುವುದಿಲ್ಲ. ಜಿಲೇಬಿ ಮೀನೂ ಹಾಗೇ ಬಂದದ್ದು, 1952ರಲ್ಲಿ ಆಫ್ರಿಕಾ ಮೂಲದಿಂದ. ಈಗ ಅದಿಲ್ಲದ ಕೆರೆ ತೋರಿಸಿ ನೋಡೋಣ.

ಈಚೆಗೆ ಮನೆ ಅಕ್ವೇರಿಯಂನ ಮೀನೂ ಕೆರೆ, ಕಲ್ಯಾಣಿಗಳಿಗೆ ಇಳಿಯುತ್ತಿವೆ. ಗಾಜಿಗೆ ಅಂಟಿಕೊಂಡು ಪಾಚಿ ನೆಕ್ಕುವ, ಟ್ಯಾಂಕ್ ಕ್ಲೀನರ್ ಅನ್ನುವ ಮೀನು ಗೊತ್ತಲ್ಲ, ದೊಡ್ಡದಾಗಿ ತೊಟ್ಟಿ ಸಾಲದಾದಾಗ ಪುಣ್ಯಕ್ಕೆ ಅಂತ ಕಲ್ಯಾಣಿಗೆ ಬಿಡುತ್ತಾರೆ. ಆಂಧ್ರ, ತಮಿಳುನಾಡು, ಕೇರಳದಲ್ಲಿ ಅದು ಬಲೆ ಹರಿದು ಮೀನುಗಾರರ ಗೋಳು ಹೊಯ್ದುಕೊಳ್ಳುತ್ತಿದೆ. ಮೈಯೆಲ್ಲ ಗಟ್ಟಿ ಕವಚ, ತಿನ್ನುವವರೂ ಕಡಿಮೆ. ಸಾಕಲು ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಸಿಗದಿದ್ದರೂ ಕೊಡಿ.

ಯಜಮಾನರ ಕೆರೆಗೆ ಏನಾಯಿತು ಅಂದರೆ, ಅವರು ಮುಂದಿನ ಬೇಸಿಗೆವರೆಗೆ ಕಾದರು. ಇದೊಂದೇ ದಾರಿ ಅಂತ ಇಲಾಖೆಯವರೂ ಹೇಳಿದ್ದರು. ಏಪ್ರಿಲ್ ಕೊನೆಗೆ ನೀರು ಗುಂಡಿಗೆ ಇಳಿದ ಮೇಲೆ ಎರಡು ಡೀಸೆಲ್ ಪಂಪು ಇಟ್ಟು ಅದನ್ನೂ ಎತ್ತಿದರು. ಊರಿನ ಹುಡುಗರು, ಹೆಂಗಸರು ಕೆಸರಿಗೆ ಇಳಿದು ಕೈಯಲ್ಲಿ, ಪಿಕಾಸಿಯಲ್ಲಿ ತಡಕಿದರು. ಪಕ್ಕೆಯ ಮುಳ್ಳು ಚುಚ್ಚಿ ಮೂರು ಜನರ ಕೈ ಊದಿತು. ಒಂದು ಟ್ರ್ಯಾಕ್ಟರ್ ಮೀನು ಆಯಿತು. ಮಾರುವಂತಿಲ್ಲ, ಹೂಳಬೇಕು. ಅಷ್ಟು ಮೀನು ಮಣ್ಣಿಗೆ ಹಾಕುವಾಗ ಏರಿಯ ಮೇಲೆ ನಿಂತಿದ್ದ ಒಬ್ಬ ಅಜ್ಜಿ, "ತಿನ್ನೋ ಅನ್ನ ಹೂಳ್ತಾ ಇದೀರಲ್ಲಪ್ಪಾ, ಒಂದೆರಡು ಕೊಟ್ಟು ಹೂಳಿ" ಅಂದರು. ಯಾರೂ ಉತ್ತರ ಕೊಡಲಿಲ್ಲ. ರಾತ್ರಿ ಆ ಗುಂಡಿಯಿಂದ ಕೆಲವು ಮೀನು ಹೋಗಿರಬಹುದು. ಸತ್ತ ಮೀನು ಕೆರೆಗಂತೂ ವಾಪಸ್ ಹೋಗುವುದಿಲ್ಲ, ಹಾಗಾಗಿ ನಾವು ಅದನ್ನು ಸುದ್ದಿ ಮಾಡಲಿಲ್ಲ.

ಕೆರೆ ಅಂಗಳ ಬಿಸಿಲಿಗೆ ಬಿರುಕು ಬಿಡುವವರೆಗೆ ಒಣಗಲು ಬಿಟ್ಟರು. ಹಳ್ಳ ಬಂದು ಸೇರುವ ಬಾಯಿಗೂ, ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿದರು. ಜಾಲರಿಗೆ ಕಸ ಕಟ್ಟಿಕೊಂಡು ಎರಡು ಸಲ ಕಿತ್ತುಹೋಯಿತು, ಎರಡು ಸಲ ಮತ್ತೆ ಕಟ್ಟಿದರು. ಮೊದಲ ಕಂತಿನ ಒಡವೆ ಬ್ಯಾಂಕಿನಲ್ಲೇ ಇದೆ.

ಮಳೆ ಬಂದ ಮೇಲೆ ಮರಿ ಬಿಡುವ ದಿನ ನಾವೂ ಹೋಗಿದ್ದೆವು. ಈ ಸಲ ಸರ್ಕಾರಿ ಫಾರಂನಿಂದ, ರಸೀತಿ ಸಮೇತ. ಮರಿಯ ಚೀಲವನ್ನು ಸೀದಾ ಕೆರೆಗೆ ಸುರಿಯಲಿಲ್ಲ. ಮನೆಯಿಂದ ಒಂದು ಬಿಳಿ ಟಬ್ಬು ತಂದಿದ್ದರು, ಒಂದೊಂದು ಚೀಲವನ್ನೂ ಮೊದಲು ಅದಕ್ಕೆ. ಬಿಳಿ ತಳದ ಮೇಲೆ ಮರಿ ಸ್ಪಷ್ಟ ಕಾಣುತ್ತದೆ. ಗೆಂಡೆ ಮರಿಗೂ ಎಳೆ ಮೀಸೆ ಇರುತ್ತದೆ, ಹಾಗಾಗಿ ಬರೀ ಮೀಸೆ ನೋಡಿ ಹೆದರಬಾರದು. ಹುರುಪೆ ಇದೆಯೇ ನೋಡಬೇಕು. ಮೈಮೇಲೆ ಹುರುಪೆ ಮಿಂಚಿದರೆ ಸರಿ. ನುಣುಪು ಮೈ, ಉದ್ದ ಮೀಸೆ, ಚಪ್ಪಟೆ ತಲೆ ಇದ್ದು ತಳಕ್ಕೆ ಅಂಟಿ ಓಡಾಡಿದರೆ ಆಚೆ.

ಯಜಮಾನರು ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಮೂಗಿಗೆ ಇಳಿಸಿಕೊಂಡು, ಒಂದೊಂದೇ ಮರಿ ನೋಡುತ್ತಿದ್ದರು. ಗಾಡಿ ಡ್ರೈವರ್‌ಗೆ ಬೇಸರ ಬಂದು ಹಾರ್ನ್ ಹೊಡೆದ.

"ಇರೋ ಮಾರಾಯ," ಅಂದರು ತಲೆ ಎತ್ತದೆ. "ಇನ್ನೂ ಹನ್ನೊಂದು ಚೀಲ ಅವೆ."